ಗೊಂಬೆ ಮೆಟ್ಟಿಲ ಮೇಲಿನ ಟ್ಯಾಕ್ಸಿಗಳು

ನಮ್ಮ ಮನೆಯಲ್ಲಿ ಗಾಜಿನ ಬಾಗಿಲಿದ್ದದ್ದು ಒಂದೇ ಒಂದು ಬೀರುವಿಗೆ. ಅದರೊಳಗೆ ಬೆಳ್ಳಿ ಸಾಮಾನಿರಲಿಲ್ಲ, ಪಿಂಗಾಣಿ ಬಟ್ಟಲುಗಳೂ ಇರಲಿಲ್ಲ. ಅಮೆರಿಕದ ಹಳೆಯ ಕಾಲದ ಟ್ಯಾಕ್ಸಿಗಳಿದ್ದವು. ಅಂಗೈ ಉದ್ದದ, ಲೋಹದ, ಬಾಗಿಲು ತೆಗೆದು ಮುಚ್ಚಬಹುದಾದ ಪುಟ್ಟ ಪುಟ್ಟ ಕಾರುಗಳು. ಹೆಚ್ಚಿನವು ಮಾಗಿದ ಬಾಳೆಹಣ್ಣಿನ ಹಳದಿ. ಒಂದು ಹಸಿರು ಮತ್ತು ಕೆನೆ ಬಣ್ಣದ್ದು, ಇನ್ನೊಂದು ಕೆಂಪು ಮೈಗೆ ಬಿಳಿ ತಲೆಯದು. ಎಲ್ಲವುಗಳ ನೆತ್ತಿಯ ಮೇಲೂ ಅಕ್ಕಿಕಾಳಿನಷ್ಟು ದೀಪ. ವಿಜಯನಗರದಲ್ಲಿ, ಮಾಗಡಿ ರಸ್ತೆಯಿಂದ ಎರಡು ತಿರುವು ಒಳಗೆ, ಓನರ್ ಮನೆಯ ಹಿಂಭಾಗದಲ್ಲಿ ನಾವು ಬಾಡಿಗೆಗಿದ್ದೆವು. ಕಾಂಪೌಂಡಿನ ಪಕ್ಕದ ಸಂದಿಯಲ್ಲಿ ಹತ್ತು ಹೆಜ್ಜೆ ನಡೆದರೆ ನಡುಮನೆ, ಅದರ ಹಿಂದೆ ಅಡುಗೆಮನೆ, ಅದರ ಹಿಂದೆ ಬಚ್ಚಲು. ಅಷ್ಟೇ. ಅಪ್ಪ, ಅಮ್ಮ, ನಾನು ಮೂವರೂ ಮಲಗುತ್ತಿದ್ದದ್ದು ನಡುಮನೆಯಲ್ಲಿ, ಆ ಬೀರುವಿನ ಎದುರಿಗೆ. ಹಾಗಾಗಿ ಪ್ರತಿದಿನ ಎದ್ದ ಕೂಡಲೇ ನನ್ನ ಕಣ್ಣಿಗೆ ಬೀಳುತ್ತಿದ್ದದ್ದು ದೇವರ ಪಟವಲ್ಲ, ಸಾಲಾಗಿ ನಿಂತ ಟ್ಯಾಕ್ಸಿಗಳು.

ಅಪ್ಪನೂ ಟ್ಯಾಕ್ಸಿ ಓಡಿಸುತ್ತಿದ್ದರು. ಕಪ್ಪು ಮೈ, ಹಳದಿ ತಲೆಯ ಅಂಬಾಸಿಡರ್. ಅದು ಬೀದಿಯ ಹೊಂಗೆಮರದ ಕೆಳಗೆ ನಿಲ್ಲುತ್ತಿತ್ತು. ಬೆಳಗಾಗುವ ಹೊತ್ತಿಗೆ ಅಪ್ಪ ಎರಡು ಬಕೆಟ್ ನೀರಿನಲ್ಲಿ ಅದರ ಮೈ ತೊಳೆದು, ಬಾನೆಟ್ ಮೇಲೆ ಉದುರಿದ ಹೊಂಗೆ ಹೂವನ್ನು ಕೈಯಿಂದಲೇ ಸವರಿ ತೆಗೆದು, ಊದುಬತ್ತಿ ಹಚ್ಚಿ, ಸಿಟಿ ಸ್ಟೇಷನ್ನಿನ ಸ್ಟ್ಯಾಂಡಿಗೆ ಹೋಗುತ್ತಿದ್ದರು. ಮಧ್ಯಾಹ್ನ ಊಟಕ್ಕೆ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಬಂದ ದಿನ ಮುದ್ದೆ ಮುರಿಯುವ ಮೊದಲು ಒಮ್ಮೆ ಬೀರುವಿನ ಕಡೆ ನೋಡುತ್ತಿದ್ದರು. ಲೆಕ್ಕ ಸರಿಯಿದೆಯೇ ಎಂದು ನೋಡಿದ್ದಲ್ಲ. ಮನೆಗೆ ಬಂದವರು ಮಕ್ಕಳ ಮುಖ ನೋಡುವ ಹಾಗೆ ನೋಡಿದ್ದು.

ಅವುಗಳಲ್ಲಿ ಮೊದಲನೆಯದು ಬಂದ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ. ನಾನಿನ್ನೂ ತೊಟ್ಟಿಲಲ್ಲಿದ್ದಾಗ ಅಮೆರಿಕದಿಂದ ಒಬ್ಬ ಮುದುಕ ಯಾವುದೋ ಆಶ್ರಮ ನೋಡಲು ಬಂದಿದ್ದನಂತೆ. ಮೂರು ದಿನ ಅಪ್ಪನ ಟ್ಯಾಕ್ಸಿಯಲ್ಲೇ ಓಡಾಡಿದ. ಹಿಂದೆ ಕೂರಲಿಲ್ಲ, ಮುಂದಿನ ಸೀಟಿನಲ್ಲಿ, ಅಪ್ಪನ ಪಕ್ಕದಲ್ಲೇ ಕೂತ. ಗೇರು ಬದಲಾಯಿಸುವುದನ್ನು ನೋಡಿ ನೋಡಿ ನಗುತ್ತಿದ್ದ. ಕೊನೆಯ ದಿನ ಏರ್‌ಪೋರ್ಟಿನಲ್ಲಿ ಚೀಲದಿಂದ ಒಂದು ಪುಟ್ಟ ಹಳದಿ ಕಾರು ತೆಗೆದು ಅಪ್ಪನ ಕೈಯಲ್ಲಿಟ್ಟ. ಬಾಗಿಲುಗಳ ಮೇಲೆ ಚದುರಂಗದ ಮಣೆಯಂಥ ಕಪ್ಪು ಬಿಳಿ ಚೌಕಳಿ ಪಟ್ಟಿ, ಉಬ್ಬಿದ ಬಾನೆಟ್ಟು, ದುಂಡನೆ ಬೆನ್ನು. ಅವನು ಚಿಕಾಗೋದಲ್ಲಿ ಮೂವತ್ತು ವರ್ಷ ಓಡಿಸಿದ ಕಾರಿನ ಮಾದರಿಯಂತೆ ಅದು. ಅಪ್ಪನ ಎದೆಗೆ ಬೆರಳು ತೋರಿಸಿ, ತನ್ನ ಎದೆಗೆ ಬೆರಳು ತೋರಿಸಿ ಅವನು ಹೇಳಿದ ಮಾತನ್ನು ಅಪ್ಪ ಅದೇ ರಾಗದಲ್ಲಿ ಹೇಳುತ್ತಿದ್ದರು:

"ಯೂ ಅಂಡ್ ಮಿ, ಸೇಮ್ ಜಾಬ್!"

ಅಲ್ಲಿಂದ ಅದು ಹುಚ್ಚಾಯಿತು. ಭಾನುವಾರದ ಗುಜರಿ ಸಂತೆಯಲ್ಲಿ ಒಬ್ಬ ಹಳೇ ಆಟದ ಸಾಮಾನು ಮಾರುವವನನ್ನು ಅಪ್ಪ ಗುರುತು ಮಾಡಿಕೊಂಡರು. ಫಾರಿನ್ನಿಗೆ ಹೋಗಿ ಬರುವ ಪ್ಯಾಸೆಂಜರುಗಳನ್ನು ನಾಚಿಕೊಳ್ಳುತ್ತಲೇ ಕೇಳಿಕೊಂಡರು. ಬೇರೆ ಕಾರು ಕೊಟ್ಟರೆ ಬೇಡ, ರೇಸ್ ಕಾರು ಬೇಡ, ಅಮೆರಿಕದ ಟ್ಯಾಕ್ಸಿಯೇ ಆಗಬೇಕು, ಅದೂ ಹಳೇ ಕಾಲದ್ದೇ ಆಗಬೇಕು. ಬಣ್ಣ ಹೋದದ್ದು ಸಿಕ್ಕರೆ ಬಿನ್ನಿಪೇಟೆಯಲ್ಲಿ ಗಾಡಿಗಳಿಗೆ ಪೇಂಟ್ ಹೊಡೆಯುವ ಸ್ನೇಹಿತನ ಹತ್ತಿರ ಒಂದು ಬೆಂಕಿಪೊಟ್ಟಣದಷ್ಟು ಬಣ್ಣ ತಂದು, ಉಸಿರು ಬಿಗಿಹಿಡಿದು ತಾವೇ ಹಚ್ಚುತ್ತಿದ್ದರು. ಅಪ್ಪನಿಗೆ ಇಂಗ್ಲಿಷ್ ಅಕ್ಷರ ಗೊತ್ತಿತ್ತು, ಓದಲು ಬರುತ್ತಿರಲಿಲ್ಲ. ಹಾಗಾಗಿ ಹೊಸ ಕಾರು ಬಂದಾಗಲೆಲ್ಲ ನನ್ನನ್ನು ಚಾಪೆಯ ಮೇಲೆ ಕೂರಿಸಿಕೊಂಡು, ಕಾರನ್ನು ಮಗುಚಿ ಹಿಡಿದು, ಹೊಟ್ಟೆಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿಸುತ್ತಿದ್ದರು. ನಾನು ಒಂದೊಂದೇ ಅಕ್ಷರ ಕೂಡಿಸಿ ಓದುವಾಗ ಅವರ ತುಟಿಯೂ ನನ್ನ ಜೊತೆಗೆ ಅಲುಗುತ್ತಿತ್ತು. ಆಮೇಲೆ ಪ್ರಶ್ನೆಗಳು. ನನಗೇನು ಗೊತ್ತಿರುತ್ತಿತ್ತು? ಆದರೂ ಕೇಳುತ್ತಿದ್ದರು.

"ಅಲ್ಲಮ್ಮ ಮಂಜು, ಅವರಿಗೂ ಸ್ಟ್ಯಾಂಡಲ್ಲಿ ಸೀರಿಯಲ್ ಇರುತ್ತಾ, ಒಬ್ಬರಾದ ಮೇಲೆ ಒಬ್ಬರು ಅಂತ? ಪೊಲೀಸ್ನೋರು ಬಂದು ಗಾಡಿ ತೆಗಿ ತೆಗಿ ಅಂತಾರಾ? ಬೆನ್ನು ನೋವು ಬಂದ್ರೆ ಅವರೇನು ಹಚ್ಕೋತಾರೆ?"

ಅಮ್ಮನಿಗೆ ಇದೆಲ್ಲ ಸೇರುತ್ತಿರಲಿಲ್ಲ. "ಎಲ್ಲರ ಮನೇಲೂ ಹಿತ್ತಾಳೆ ಪಾತ್ರೆ ಫಳಫಳ ಅಂತಿದ್ರೆ ನಮ್ಮನೇಲಿ ಚಕ್ರ ಫಳಫಳ ಅಂತವೆ," ಎಂದು ಅನ್ನುತ್ತಿದ್ದಳು. ಜಗಳವೂ ಆಗುತ್ತಿತ್ತು. ಮಿಕ್ಸಿ ಬೇಕು ಎಂದು ಅವಳು ಕೇಳಿದ ತಿಂಗಳಲ್ಲೇ ಆ ಹಸಿರು ಕೆನೆಯದು ಬಂದು, ಎರಡು ದಿನ ಅವಳು ಅಪ್ಪನ ಜೊತೆ ಮಾತು ಬಿಟ್ಟು, "ನಿಮ್ಮಪ್ಪಂಗೆ ಊಟಕ್ಕೆ ಬಾ ಅನ್ನು," ಎಂದು ಅದೇ ಕೋಣೆಯಲ್ಲಿ ಕೂತಿದ್ದ ಅಪ್ಪನಿಗೆ ನನ್ನ ಮೂಲಕ ಹೇಳಿ ಕಳಿಸಿದ್ದಳು. ಆದರೆ ದಸರಾ ಬಂತೆಂದರೆ ಇಬ್ಬರಿಗೂ ರಾಜಿಯಾಗುತ್ತಿತ್ತು. ಅಮ್ಮ ತವರಿನಿಂದ ತಂದ ಪಟ್ಟದ ಗೊಂಬೆಗಳನ್ನು ಹಳೇ ಸೀರೆಯ ಗಂಟಿನಿಂದ ಬಿಚ್ಚುತ್ತಿದ್ದಳು. ಟ್ರಂಕುಗಳನ್ನು ಒಂದರ ಮೇಲೊಂದು ಏರಿಸಿ, ಹಲಗೆ ಜೋಡಿಸಿ, ಬಿಳೀ ಪಂಚೆ ಹೊದಿಸಿದರೆ ಏಳು ಮೆಟ್ಟಿಲು. ಮೇಲೆ ರಾಜ ರಾಣಿ, ನಡುವೆ ದೇವರುಗಳು, ಶೆಟ್ಟಿ ಶೆಟ್ಟಮ್ಮ. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು ಅಪ್ಪನದು. ಅಲ್ಲಿ ಮರಳು ಹಾಸಿ ರಸ್ತೆ ಮಾಡಿ, ರಾಗಿ ಪೈರು ಬೆಳೆಸಿದ ತಟ್ಟೆಗಳನ್ನು ಪಾರ್ಕಿನಂತೆ ಇಟ್ಟು, ಅಮೆರಿಕದ ಟ್ಯಾಕ್ಸಿಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಕಡ್ಡಿಗೆ ಕಾಗದ ಅಂಟಿಸಿ 'ಟ್ಯಾಕ್ಸಿ ನಿಲ್ದಾಣ' ಎಂದು ಕನ್ನಡದಲ್ಲಿ ಬರೆದ ಬೋರ್ಡು. ಬೀದಿಯ ಮಕ್ಕಳೆಲ್ಲ "ಗೊಂಬೆ ಕೂರ್ಸಿದೀರಾ ಆಂಟಿ?" ಎಂದು ನುಗ್ಗುತ್ತಿದ್ದದ್ದು ರಾಜ ರಾಣಿಯನ್ನು ನೋಡಲು ಅಲ್ಲ ಎನ್ನುವುದು ಅಮ್ಮನಿಗೂ ಗೊತ್ತಿತ್ತು.

ನನ್ನನ್ನು ಇಂಗ್ಲಿಷ್ ಶಾಲೆಗೆ ಹಾಕಬೇಕೆನ್ನುವ ಹಟ ಅಮ್ಮನದು. ರಾಜಾಜಿನಗರದ ಆ ಶಾಲೆಯ ಫಾರಂ ತುಂಬಿಸುವಾಗ 'ತಂದೆಯ ಉದ್ಯೋಗ' ಎನ್ನುವ ಜಾಗದಲ್ಲಿ ಅಪ್ಪನ ಪೆನ್ನು ನಿಂತಿತು. ಅಮ್ಮ ಪಕ್ಕದಿಂದ ಮೆಲ್ಲಗೆ ಹೇಳಿದಳು:

"ಡ್ರೈವರ್ ಅಂತ ಬರೀಬೇಡಿ ರೀ. ಟ್ರಾನ್ಸ್‌ಪೋರ್ಟ್ ಬಿಸಿನೆಸ್ ಅಂತ ಬರೀರಿ. ಸುಳ್ಳೇನಲ್ಲವಲ್ಲ."

ಓನರ್ ಮಗ ಸ್ಪೆಲ್ಲಿಂಗ್ ಹೇಳಿದ, ಅಪ್ಪ ಬರೆದು ಸಹಿ ಹಾಕಿದರು. ಐದನೇ ಕ್ಲಾಸಿನಲ್ಲಿ ಟೀಚರು ಒಬ್ಬೊಬ್ಬರನ್ನೇ ಎಬ್ಬಿಸಿ ತಂದೆಯ ಕೆಲಸ ಕೇಳಿದಾಗ ನಾನು ಅದೇ ಎರಡು ಪದ ಹೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ತನ್ನ ತಂದೆ ಬಸ್ ಕಂಡಕ್ಟರ್ ಎಂದಾಗ ನಾಲ್ಕು ಜನ ಬಾಯಿ ಮುಚ್ಚಿಕೊಂಡು ನಕ್ಕಿದ್ದರು. ನನ್ನ ಮಾತಿಗೆ ಯಾರೂ ನಗಲಿಲ್ಲ. ಆ ನೆಮ್ಮದಿಯ ರುಚಿ ನನಗೆ ಹತ್ತಿಬಿಟ್ಟಿತು ಎಂದು ಈಗ ಅನ್ನಿಸುತ್ತದೆ. ಯಾರೋ ಎಷ್ಟು ಗಾಡಿ ಇವೆ ಎಂದು ಕೇಳಿದರು, ಹತ್ತು ಎಂದೆ. ಮಳೆಯ ದಿನ ಅಪ್ಪ ಟ್ಯಾಕ್ಸಿಯಲ್ಲಿ ಬಿಡಲು ಬಂದರೆ, "ಗೇಟ್ ಹತ್ರ ಬಸ್ಸುಗಳು ಅಡ್ಡ ನಿಂತಿರ್ತವೆ, ಇಲ್ಲೇ ಇಳೀತೀನಿ," ಎಂದು ಒಂದು ರಸ್ತೆ ಹಿಂದೆಯೇ ಇಳಿದು, ನೆನೆದುಕೊಂಡು ಓಡುತ್ತಿದ್ದೆ.

ಆರನೇ ಕ್ಲಾಸಿನಲ್ಲಿ ಒಂದು ದಿನ ಮನೆಯಿಂದ ಏನಾದರೂ ವಸ್ತು ತಂದು ಅದರ ಬಗ್ಗೆ ಇಂಗ್ಲಿಷಿನಲ್ಲಿ ಐದು ವಾಕ್ಯ ಹೇಳಬೇಕಿತ್ತು. ನಾನು ಅಪ್ಪನನ್ನು ಕೇಳದೆ ಬೀರುವಿನಿಂದ ಚೌಕಳಿ ಪಟ್ಟಿಯ ಕಾರನ್ನು ತೆಗೆದು ಟಿಫನ್ ಬ್ಯಾಗಿನಲ್ಲಿ ಇಟ್ಟುಕೊಂಡು ಹೋದೆ. ಮುದುಕನ ಕಥೆ ಹೇಳಿದ್ದರೆ ಸಾಕಿತ್ತು. ಅದಕ್ಕಿಂತ ಒಳ್ಳೆಯ ಕಥೆ ಆ ಕ್ಲಾಸಿನಲ್ಲಿ ಯಾರ ಹತ್ತಿರವೂ ಇರಲಿಲ್ಲ. ಆದರೆ ಆ ಕಥೆ ಹೇಳಬೇಕಾದರೆ ಅಪ್ಪ ಡ್ರೈವರ್ ಸೀಟಿನಲ್ಲಿ ಕೂರಬೇಕಾಗುತ್ತಿತ್ತು. ನನ್ನ ಚಿಕ್ಕಪ್ಪ ನ್ಯೂಯಾರ್ಕಿನಲ್ಲಿದ್ದಾರೆ, ಅವರದೂ ಟ್ಯಾಕ್ಸಿ ಕಂಪನಿ, ಪ್ರತಿ ಹುಟ್ಟುಹಬ್ಬಕ್ಕೂ ನನಗೊಂದು ಕಾರು ಕಳಿಸುತ್ತಾರೆ ಎಂದು ಐದು ವಾಕ್ಯ ಮುಗಿಸಿದೆ. ಟೀಚರು ಚಪ್ಪಾಳೆ ತಟ್ಟಿಸಿದರು. ಮಧ್ಯಾಹ್ನ ನಂದಿತಾ ತನ್ನ ಡಬ್ಬಿಯ ಸ್ಯಾಂಡ್‌ವಿಚ್ ಹಿಡಿದು ನನ್ನ ಪಕ್ಕ ಬಂದು ಕೂತಳು. ಅವಳ ತಂದೆ ಸರ್ಕಾರದಲ್ಲಿ ದೊಡ್ಡ ಅಧಿಕಾರಿ. ಬಸವೇಶ್ವರನಗರದಲ್ಲಿ ಮಹಡಿ ಮನೆ. ಡ್ರೈವರ್ ಇರುವ ಕಾರಿನಲ್ಲಿ ಬರುವವಳು. ಒಳ್ಳೆಯ ಹುಡುಗಿ. ಇದನ್ನು ಹೇಳಲೇಬೇಕು, ಏಕೆಂದರೆ ಈ ಕಥೆಯಲ್ಲಿ ಯಾರಾದರೂ ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಆ ವರ್ಷ ದಸರಾಕ್ಕೆ, ಸರಸ್ವತಿ ಪೂಜೆಯ ದಿನ, ನಂದಿತಾ ತನ್ನ ತಾಯಿಯ ಜೊತೆ ನಮ್ಮ ಮನೆಗೆ ಗೊಂಬೆ ನೋಡಲು ಬಂದಳು. ಅವಳೇ ಹಟ ಹಿಡಿದು ಹೊರಡಿಸಿದ್ದಳು. ನಾನು ಅಮ್ಮನಿಗೆ ಬೆಳಗ್ಗೆಯೇ ಹೇಳಿದ್ದೆ. ಅವಳು ಕಡಲೆಕಾಳು ಉಸಲಿ ಮಾಡಿ, ಓನರ್ ಮನೆಯಿಂದ ಎರಡು ಸ್ಟೀಲ್ ಕುರ್ಚಿ ತರಿಸಿಟ್ಟಿದ್ದಳು. ಆ ಹೊತ್ತಿನಲ್ಲಿ ಅಪ್ಪ ಸ್ಟ್ಯಾಂಡಿನಲ್ಲಿರುತ್ತಾರೆ ಎಂದು ನಾನು ನಂಬಿದ್ದೆ. ಆದರೆ ಮಗಳ ಸ್ನೇಹಿತೆ ಬರುತ್ತಾಳೆ ಎಂದು ಅಮ್ಮನಿಂದ ಕೇಳಿ, ಅಪ್ಪ ಒಂದು ಬಾಡಿಗೆ ಬಿಟ್ಟು ಬಂದಿದ್ದರು. ಖಾಕಿ ಷರ್ಟಿನಲ್ಲೇ ಕೆಳಗಿನ ಮೆಟ್ಟಿಲ ಮುಂದೆ ಚಾಪೆಯ ಮೇಲೆ ಕೂತು, ಮರಳಿನ ರಸ್ತೆಯನ್ನು ಪೋಸ್ಟ್‌ಕಾರ್ಡಿನಿಂದ ನೀಟಾಗಿ ಎಳೆಯುತ್ತಿದ್ದರು. ಸಂದಿಯಲ್ಲಿ ಚಪ್ಪಲಿಯ ಸದ್ದಾಯಿತು. ನಂದಿತಾ ಒಳಗೆ ಬಂದವಳೇ ಮೆಟ್ಟಿಲ ಕಡೆ ಓಡಿ, "ಅಮ್ಮಾ, ನೋಡು! ಇವೆಲ್ಲಾ ಮಂಜುಳಾ ಅವರ ಚಿಕ್ಕಪ್ಪ ನ್ಯೂಯಾರ್ಕಿಂದ ಕಳ್ಸಿರೋದು!" ಎಂದಳು. ಅಪ್ಪ ತಲೆ ಎತ್ತಿ ನನ್ನನ್ನು ನೋಡಿದರು. ಅವರಿಗೆ ತಮ್ಮಂದಿರೇ ಇರಲಿಲ್ಲ. ನಂದಿತಾಳ ತಾಯಿ ಬಾಗಿಲಲ್ಲಿ ನಗುತ್ತಾ ಕೇಳಿದರು:

"ಇವರು ಯಾರು ಮಂಜುಳಾ, ನಿಮ್ಮ ತಂದೇನಾ?"

"ಅಲ್ಲ ಆಂಟಿ. ಅಪ್ಪ ಬಾಂಬೆಗೆ ಹೋಗಿದಾರೆ. ಅವನು ನಮ್ ಡ್ರೈವರ್."

ನಾನು ಯೋಚಿಸಿ ಹೇಳಿದ್ದಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಆದರೆ 'ಅವನು' ಎನ್ನುವುದಕ್ಕೆ ಯೋಚನೆ ಬೇಕು. ಹುಟ್ಟಿದಂದಿನಿಂದ ಅಪ್ಪನನ್ನು 'ನೀವು', 'ಅವರು' ಎಂದೇ ಕರೆದ ನಾಲಿಗೆ ಅದು, ತಾನಾಗಿ ಹೊರಳುವುದಿಲ್ಲ. ನಾನೇ ಅದನ್ನು ಹೊರಳಿಸಿದೆ, ಮಾತು ನಿಜವೆನಿಸಲಿ ಎಂದು.

ಅಪ್ಪ ಚಾಪೆಯಿಂದ ಎದ್ದು ನಿಂತರು. ಕೈಯಲ್ಲಿದ್ದ ಪೋಸ್ಟ್‌ಕಾರ್ಡನ್ನು ಜೇಬಿಗೆ ಹಾಕಿಕೊಂಡು, ಬಾಗಿಲ ಪಕ್ಕದ ಗೋಡೆಯ ಹತ್ತಿರ ಸರಿದು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ತಮ್ಮ ಮನೆಯಲ್ಲಿ ಅವರು ಹಾಗೆ ನಿಂತದ್ದನ್ನು ನಾನು ಕಂಡಿರಲಿಲ್ಲ. ಅಮ್ಮ ಅರಿಶಿನ ಕುಂಕುಮದ ತಟ್ಟೆ ಹಿಡಿದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ಅವಳಿಗೂ ಕೇಳಿಸಿತ್ತು. ಒಂದು ಗಳಿಗೆ ನನ್ನನ್ನು ನೋಡಿದಳು, ಒಂದು ಗಳಿಗೆ ಅಪ್ಪನನ್ನು ನೋಡಿದಳು, ಆಮೇಲೆ ಬಂದು ನಂದಿತಾಳ ತಾಯಿಯ ಹಣೆಗೆ ಕುಂಕುಮವಿಟ್ಟು, "ಕೂತ್ಕೊಳ್ಳಿ," ಎಂದಳು.

ನಂದಿತಾ ಒಂದೊಂದೇ ಕಾರಿನ ಬಗ್ಗೆ ಕೇಳತೊಡಗಿದಳು. ಈ ದೀಪ ಯಾಕೆ, ಈ ಮಡಚುವ ಸೀಟು ಯಾಕೆ, ಇದು ಯಾವ ಊರಿನದು? ಅಪ್ಪ ಅಷ್ಟು ಸಲ ಹೇಳಿದ್ದರೂ ನಾನು ಒಂದನ್ನೂ ಮನಸ್ಸಿಟ್ಟು ಕೇಳಿರಲಿಲ್ಲ. ನಾನು ತಡವರಿಸುವುದನ್ನು ನೋಡಿ ಅಪ್ಪ ಗೋಡೆಯ ಹತ್ತಿರದಿಂದಲೇ ಹೇಳಿದರು.

"ದೀಪ ಹತ್ತಿದ್ರೆ ಗಾಡಿ ಖಾಲಿ ಇದೆ ಅಂತ ಅರ್ಥ ಪಾಪು. ಮಡಚೋ ಸೀಟು ಜನ ಜಾಸ್ತಿ ಇದ್ದಾಗ ಹಾಕ್ಕೊಳ್ಳೋಕೆ. ಆ ಹಸಿರುದು ಸ್ವಲ್ಪ ಅಪರೂಪ. ಹುಷಾರಾಗಿ ಮುಟ್ಟಬೇಕು, ಅಮೆರಿಕದಲ್ಲಿರೋ ಚಿಕ್ಕ ಯಜಮಾನ್ರು ಕಳ್ಸಿದ್ದಲ್ವಾ."

ನಾನು ಹೇಳಿದ ಸುಳ್ಳನ್ನು ಅವರು ಎತ್ತಿಕೊಂಡು, ನನಗಿಂತ ಚೆನ್ನಾಗಿ ಹೊತ್ತರು. ನಂದಿತಾಳ ತಾಯಿ ಮೆಚ್ಚಿಕೊಂಡು ಅಮ್ಮನಿಗೆ, "ನಿಮ್ ಡ್ರೈವರ್‌ಗೆ ಎಲ್ಲಾ ಗೊತ್ತಲ್ಲ! ಎಷ್ಟು ಚೆನ್ನಾಗಿ ಹೇಳ್ತಾನೆ," ಎಂದರು. ಅವರದು ಅಹಂಕಾರವಲ್ಲ. ನಾನು ಕೊಟ್ಟ ಏಕವಚನವನ್ನು ಅವರು ಹಾಗೆಯೇ ತೆಗೆದುಕೊಂಡಿದ್ದರು, ಅಷ್ಟೇ.

ಉಸಲಿ ತಿಂದು ಏಳುವಾಗ ನಂದಿತಾ ಚೌಕಳಿ ಪಟ್ಟಿಯ ಕಾರನ್ನು ಕೈಯಲ್ಲಿ ಹಿಡಿದುಕೊಂಡಿದ್ದಳು. "ಇದೊಂದು ನನಗೆ ಕೊಡ್ತೀಯಾ? ನಿನಗೆ ಚಿಕ್ಕಪ್ಪ ಇನ್ನೊಂದು ಕಳಿಸ್ತಾರಲ್ಲ." ಅವಳ ತಾಯಿ ಗದರಿದರು, "ಏಯ್, ಹಾಗೆಲ್ಲ ಕೇಳ್ಬಾರದು." ಬೇಡ ಎನ್ನಲು ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಅದು ಯಾವ ಕಾರು ಎಂದು ನನಗೆ ಗೊತ್ತಿತ್ತು. ಆದರೆ ವರ್ಷಕ್ಕೊಂದು ಕಾರು ಪಡೆಯುವವಳು ಒಂದು ಕಾರಿಗೆ ಹಿಂದೆಮುಂದೆ ನೋಡಿದರೆ ಅನುಮಾನ ಬರುವುದಿಲ್ಲವೇ?

"ಪರವಾಗಿಲ್ಲ ಆಂಟಿ. ತಗೊಂಡು ಹೋಗ್ಲಿ. ನನಗೆ ಬೇಕಾದಷ್ಟಿವೆ."

ಅಪ್ಪ ಮುಂದೆ ಬಂದರು. ಕಾರನ್ನು ನಂದಿತಾಳಿಂದ ತೆಗೆದುಕೊಡಲಿ ಎಂದು ನನ್ನ ಕಡೆ ನೋಡಿ ಕೈ ಚಾಚಿದರು.

"ಕೊಡಿ. ಹಾಗೇ ತಗೊಂಡು ಹೋದ್ರೆ ಬಣ್ಣ ಉಜ್ಜಿ ಹೋಗುತ್ತೆ. ನಾನು ಸುತ್ತಿಕೊಡ್ತೀನಿ."

'ಕೊಡು' ಅಲ್ಲ, 'ಕೊಡಿ'. ಅಪ್ಪ ನನಗೆ ಬಹುವಚನ ಹಚ್ಚಿದ್ದು ಅದೇ ಮೊದಲು. ಭುಜದ ಮೇಲಿದ್ದ ಗಾಡಿ ಒರೆಸುವ ಹಳದಿ ಬಟ್ಟೆಯನ್ನು ಕೊಡವಿ, ಕಾರನ್ನು ಮಗುವನ್ನು ಸುತ್ತುವ ಹಾಗೆ ಸುತ್ತಿ, ಸಂದಿಯುದ್ದಕ್ಕೂ ಅವರ ಹಿಂದೆ ನಡೆದು, ಅವರ ಕಾರಿನ ಬಾಗಿಲು ತೆಗೆದು, ನಂದಿತಾಳ ತೊಡೆಯ ಮೇಲೆ ಇಟ್ಟು ಬಂದರು.

ಆ ಸಂಜೆ ಅಮ್ಮ ನನಗೆ ಎರಡು ಬಾರಿಸಿದಳು. ಅಪ್ಪ ಅವಳ ಕೈ ಹಿಡಿದುಕೊಂಡರು.

"ಹೆತ್ತ ಅಪ್ಪನ್ನ ಡ್ರೈವರ್ ಅಂದ್ಯಲ್ಲೇ, ನಿನ್ ನಾಲಿಗೇಗೆ ಏನಾಗಿತ್ತೇ?"

"ಬಿಡೇ. ಡ್ರೈವರ್ರೇ ತಾನೇ ನಾನು? ಸುಳ್ಳೇನು ಹೇಳಿದ್ಲು?"

"ನಮ್ ಡ್ರೈವರ್ ಅಂದ್ಲು ರೀ!"

"ನಿಮ್ ಡ್ರೈವರ್ರೇ. ಇನ್ಯಾರಿಗೆ ಓಡಿಸ್ತಾ ಇದೀನಿ?" ಎಂದು ನಗಲು ನೋಡಿದರು. ಅಮ್ಮ ಸುಮ್ಮನಾಗದಿದ್ದಾಗ ಮಾತ್ರ ಒಮ್ಮೆ ದನಿ ಗಟ್ಟಿಯಾಯಿತು. "ಅವಳು ಮಗು. ನೀನು ದೊಡ್ಡೋಳು, ಹೊಸ್ತಿಲಲ್ಲೇ ನಿಂತಿದ್ಯಲ್ಲ. ನೀನ್ಯಾಕೆ ಬಾಯಿ ಬಿಡ್ಲಿಲ್ಲ?" ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಡುಗೆಮನೆಗೆ ಹೋದಳು. ಅಪ್ಪ ಕೆಳಗಿನ ಮೆಟ್ಟಿಲ ಮುಂದೆ ಕೂತು, ಉಳಿದ ಕಾರುಗಳನ್ನು ಒಂದೊಂದಾಗಿ ಮುಂದೆ ಸರಿಸಿ ಖಾಲಿ ಜಾಗವನ್ನು ತುಂಬಿದರು.

ಎರಡು ದಿನ ಕಳೆದು ಆಯುಧಪೂಜೆ. ಟ್ಯಾಕ್ಸಿಗೆ ಚೆಂಡುಹೂವಿನ ಹಾರ, ಬಾಳೆಕಂದು, ಗಾಜಿನ ಮೇಲೆ ವಿಭೂತಿ ಪಟ್ಟೆ. ಬೂದುಗುಂಬಳ ಒಡೆದು, ಚಕ್ರದಡಿ ನಿಂಬೆಹಣ್ಣಿಟ್ಟು, ಅದನ್ನು ತುಳಿಸಿಕೊಂಡು ಗಾಡಿ ಒಂದು ಸುತ್ತು ಹೋಗುವಾಗ ಪ್ರತಿವರ್ಷ ನಾನು ಮುಂದಿನ ಸೀಟಿನಲ್ಲಿ ಕೂರುತ್ತಿದ್ದೆ. ಹಾರ್ನ್ ಒತ್ತುವ ಹಕ್ಕು ನನ್ನದು. ಆ ವರ್ಷ ನಾನು ಮುಂದಿನ ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಅಪ್ಪ ಹಿಂದಿನ ಬಾಗಿಲು ತೆಗೆದು ಹಿಡಿದಿದ್ದರು. ಮುಖದಲ್ಲಿ ಸಿಟ್ಟಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. "ಇಲ್ಲಿ ಕೂತ್ಕೋ ಮಗಳೇ. ಮುಂದೆ ಕೂತಿದ್ದು ಯಾರಾದ್ರೂ ನೋಡಿದ್ರೆ ಚೆನ್ನಾಗಿರಲ್ಲ," ಎಂದರು. ನಾನು ಹಿಂದೆ ಕೂತೆ. ಆ ಸುತ್ತಿನಲ್ಲಿ ಹಾರ್ನ್ ಆಗಲೇ ಇಲ್ಲ.

ಅಂದಿನಿಂದ ನನಗೆ ಶಾಲೆಯ ಗೇಟಿನವರೆಗೆ ಟ್ಯಾಕ್ಸಿಯಲ್ಲಿ ಹೋಗುವ ಭಾಗ್ಯ ಬಂತು. ಮಾಲೀಕರ ಮಗಳನ್ನು ಡ್ರೈವರ್ ಗೇಟಿನ ಹತ್ತಿರ ಬಿಡುವುದರಲ್ಲಿ ಮುಚ್ಚಿಡುವಂಥದ್ದು ಏನಿದೆ? ವಾರಕ್ಕೆರಡು ದಿನ, ಕೆಲವೊಮ್ಮೆ ಮೂರು ದಿನ ಅಪ್ಪ ಬಿಡುತ್ತಿದ್ದರು. ಗಾಡಿ ನಿಲ್ಲಿಸಿ, ಇಳಿದು, ಸುತ್ತಿ ಬಂದು, ನನ್ನ ಬಾಗಿಲು ತೆಗೆದು, ಬ್ಯಾಗು ಕೈಗಿಟ್ಟು, ನಾನು ಒಳಗೆ ಹೋಗುವವರೆಗೆ ನಿಂತಿರುತ್ತಿದ್ದರು. ನಾನು ತಿರುಗಿ ನೋಡುತ್ತಿರಲಿಲ್ಲ. ಇದು ಒಂದು ವಾರ ನಡೆದದ್ದಲ್ಲ, ಒಂದು ವರ್ಷ ನಡೆದದ್ದೂ ಅಲ್ಲ. ಆರನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗೆ ನಡೆಯಿತು. ಮೊದಮೊದಲು ಎದೆಯಲ್ಲಿ ಏನೋ ಕಚ್ಚುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಅಭ್ಯಾಸವಾಯಿತು ಎನ್ನುವುದೇ ನನಗೆ ಈಗ ಹೆಚ್ಚು ನಾಚಿಕೆಯ ವಿಷಯ.

ಆ ಚೌಕಳಿ ಪಟ್ಟಿಯ ಕಾರನ್ನು ನಾನು ಮತ್ತೊಮ್ಮೆ ನೋಡಿದ್ದು ನಂದಿತಾಳ ಹುಟ್ಟುಹಬ್ಬಕ್ಕೆ ಬಸವೇಶ್ವರನಗರದ ಅವರ ಮನೆಗೆ ಹೋದಾಗ. ಅವಳ ಪುಟ್ಟ ತಮ್ಮ ಗಿಡಗಳ ಪಾತಿಯಲ್ಲಿ ಅದರಿಂದ ಮಣ್ಣು ತೋಡುತ್ತಿದ್ದ. ಎರಡು ಚಕ್ರವಿರಲಿಲ್ಲ, ಒಂದು ಬಾಗಿಲು ಕಿತ್ತುಹೋಗಿತ್ತು, ಚೌಕಳಿ ಪಟ್ಟಿ ಅರ್ಧ ಉಜ್ಜಿಹೋಗಿತ್ತು. ನಾನು ಕೇಕ್ ತಿಂದು ಬಂದೆ. ಅಪ್ಪ ಹೊರಗೆ ಗಾಡಿಯಲ್ಲಿ ಕಾಯುತ್ತಿದ್ದರು. ಅಷ್ಟು ತಿಂಗಳಲ್ಲಿ ಮೊದಲ ಸಲ ಅದರ ಬಗ್ಗೆ ಕೇಳಿದರು, ಕನ್ನಡಿಯಲ್ಲಿ ನನ್ನನ್ನು ನೋಡುತ್ತಾ.

"ಆ ಕಾರನ್ನ ಚೆನ್ನಾಗಿ ಇಟ್ಕೊಂಡಿದಾರೇನಮ್ಮ?"

"ಹೂಂ ಅಪ್ಪ. ಶೋಕೇಸಲ್ಲಿ ಇಟ್ಟಿದಾರೆ. ಮಧ್ಯದಲ್ಲಿ."

"ಒಳ್ಳೇದಾಯ್ತು ಬಿಡು," ಎಂದರು. ನಾನು ಹೇಳಿದ ಸುಳ್ಳುಗಳಲ್ಲಿ ಅದೊಂದೇ ಅಪ್ಪನಿಗೋಸ್ಕರ ಹೇಳಿದ್ದು ಎಂದು ಆಗ ಸಮಾಧಾನ ಮಾಡಿಕೊಂಡೆ. ಅದೂ ನನಗೋಸ್ಕರವೇ ಹೇಳಿದ್ದು.

ಅಪ್ಪ ಕಾರು ಸೇರಿಸುವುದನ್ನು ಬಿಡಲಿಲ್ಲ. ಬಿಟ್ಟಿದ್ದರೆ ಅದು ನನಗೆ ಕೊಟ್ಟ ಶಿಕ್ಷೆಯಾದರೂ ಆಗುತ್ತಿತ್ತು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ಬಂತು, ಕಡುಗೆಂಪು, ಮರದ ಹಲಗೆಯಂತೆ ಬಣ್ಣ ಬಳಿದ ಬದಿಗಳು. ಅದನ್ನು ಮಗುಚಿ ಹಿಡಿದು ಓದಿಕೊಡಲು ನನ್ನನ್ನು ಕರೆಯುತ್ತಾರೆ ಎಂದು ನಾನು ಪುಸ್ತಕ ಮುಚ್ಚಿ ಕಾದೆ. ಆಗ ನನ್ನ ಇಂಗ್ಲಿಷ್ ಸರಾಗವಾಗಿತ್ತು. ಒಂದೇ ಉಸಿರಿಗೆ ಓದಿಬಿಡುತ್ತಿದ್ದೆ. ಅಪ್ಪ ಕಾರನ್ನು ಜೇಬಿನಲ್ಲಿಟ್ಟುಕೊಂಡು ಸಂದಿಯಲ್ಲಿ ನಡೆದು ಓನರ್ ಮಗನ ಹತ್ತಿರ ಹೋದರು. ಕಿಟಕಿಯಿಂದ ಅವರ ದನಿ ಕೇಳಿಸುತ್ತಿತ್ತು: "ಸ್ವಲ್ಪ ಇದನ್ನ ಓದಿ ಹೇಳಪ್ಪ, ತೊಂದ್ರೆ ಇಲ್ಲಾಂದ್ರೆ." ನನ್ನ ಮೇಲಿನ ಕೋಪದಿಂದ ಹಾಗೆ ಮಾಡಿದರು ಎಂದು ನನಗನ್ನಿಸಲಿಲ್ಲ. ಆ ಕಾರುಗಳ ಹೆಸರೆತ್ತಿದರೆ ನನಗೆ ಮುಜುಗರ ಎಂದು ತಿಳಿದು, ನನ್ನನ್ನು ಅದರಿಂದ ಪಾರು ಮಾಡಿದ್ದರು. ಸೀರಿಯಲ್ ಇರುತ್ತಾ, ಬೆನ್ನು ನೋವಿಗೆ ಏನು ಹಚ್ಕೋತಾರೆ ಎಂಬ ಅಪ್ಪನ ಪ್ರಶ್ನೆಗಳೂ ಆಮೇಲೆ ನನ್ನ ಕಿವಿಗೆ ಬೀಳಲಿಲ್ಲ.

ಹತ್ತನೇ ಕ್ಲಾಸಿನ ಕೊನೆಯ ಪರೀಕ್ಷೆ ಮುಗಿದ ದಿನ ನಂದಿತಾ ಮತ್ತು ನಾನು ಶಾಲೆಯ ಮೆಟ್ಟಿಲ ಮೇಲೆ ಕೂತಿದ್ದೆವು. ಇನ್ನು ಬೇರೆ ಬೇರೆ ಕಾಲೇಜು. ಅವಳನ್ನು ಮತ್ತೆ ದಿನಾ ಎದುರಿಸಬೇಕಾಗಿಲ್ಲ ಎನ್ನುವ ಧೈರ್ಯಕ್ಕೆ, ಹೇಳಿಬಿಡೋಣ ಎನ್ನಿಸಿತು. ನೆಲ ನೋಡಿಕೊಂಡು ಹೇಳಿದೆ, "ನಂದಿತಾ, ಟ್ಯಾಕ್ಸೀಲಿ ನನ್ನ ಬಿಡೋಕೆ ಬರ್ತಾರಲ್ಲ, ಅವರು ನಮ್ ಡ್ರೈವರ್ ಅಲ್ಲ ಕಣೇ."

ಅವಳು ನನ್ನ ಮಾತನ್ನು ಪೂರ್ತಿ ಮಾಡಲು ಬಿಡಲಿಲ್ಲ. "ನಿಮ್ಮಪ್ಪ. ಗೊತ್ತು ಕಣೇ."

"ಯಾವಾಗಿಂದ?"

"ಗೊಂಬೆ ನೋಡೋಕೆ ಬಂದಿದ್ವಲ್ಲ, ಅವತ್ತಿಂದಾನೇ. ನಮ್ ಡ್ರೈವರ್ ಮೊದಲು ಸ್ಟೇಷನ್ನಲ್ಲೇ ಟ್ಯಾಕ್ಸಿ ಓಡಿಸ್ತಾ ಇದ್ರು. ಮನೆಗೆ ಹೋಗ್ತಾ ಅವರೇ ಹೇಳಿದ್ರು, ಹೊಂಗೆಮರದ ಕೆಳಗಿದ್ದ ಟ್ಯಾಕ್ಸಿ ನಿಮ್ಮಪ್ಪಂದೇ, ಅವರಿಗೆ ಒಬ್ಬಳೇ ಮಗಳು ಅಂತ. ಅಮ್ಮಂಗೆ ತುಂಬಾ ಬೇಜಾರಾಯ್ತು, ಅವನು ಇವನು ಅಂದ್ಬಿಟ್ಟೆನಲ್ಲ ಅಂತ. ಯಾರ ಹತ್ರಾನೂ ಹೇಳ್ಬಾರದು, ಮಂಜುಳಾ ಹತ್ರ ಅಂತೂ ಹೇಳ್ಲೇಬಾರದು ಅಂತ ನನ್ ಹತ್ರ ಪ್ರಾಮಿಸ್ ತಗೊಂಡಿದ್ರು."

ನಾಲ್ಕು ವರ್ಷ. ಅಪ್ಪ ಗಾಡಿಯಿಂದಿಳಿದು ಸುತ್ತಿ ಬಂದು ನನ್ನ ಬಾಗಿಲು ತೆಗೆಯುವುದನ್ನು ಅವಳು ನಾಲ್ಕು ವರ್ಷ ನೋಡಿದ್ದಳು, ಗೊತ್ತಿದ್ದೂ ನನ್ನ ಜೊತೆ ಡಬ್ಬಿ ಹಂಚಿಕೊಂಡಿದ್ದಳು. ನಾನು ಆ ದಿನ ಬಸ್ಸು ಹತ್ತಲಿಲ್ಲ. ರಾಜಾಜಿನಗರದಿಂದ ಮನೆಯವರೆಗೆ ನಡೆದೇ ಬಂದೆ. ಬಿಸಿಲಿಗೆ ತಲೆ ಕಾದಿತ್ತು. ದಾರಿಯುದ್ದಕ್ಕೂ ಅಪ್ಪನಿಗೆ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ: ಇನ್ನು ಮುಂದೆ ಹಾಗೆಲ್ಲ ಮಾಡಬೇಡಿ, ಅವರಿಗೆಲ್ಲ ಗೊತ್ತಿದೆ, ನಾವಿಬ್ಬರೂ ಸುಮ್ಮನೆ ನಾಟಕ ಆಡಿದೆವು.

ಅಪ್ಪ ಊಟಕ್ಕೆ ಬಂದಿದ್ದರು. ನಡುಮನೆಯಲ್ಲಿ ಬನಿಯನ್ನಿನಲ್ಲಿ ಕೂತು, ಕಾಲಿನ ಹೆಬ್ಬೆರಳಿಗೆ ಏನೋ ಮುಲಾಮು ಹಚ್ಚಿಕೊಳ್ಳುತ್ತಿದ್ದರು. ಪೇಪರ್ ಹೇಗಿತ್ತು ಎಂದು ಕೇಳಿದರು. ನಾನು ಉತ್ತರ ಕೊಡದೆ ನಿಂತೇ ಹೇಳಿದೆ.

"ಅಪ್ಪ, ನಂದಿತಾಗೆ ಗೊತ್ತಿತ್ತಂತೆ. ಮೊದಲನೇ ದಿನದಿಂದಾನೇ. ಅವರ ಡ್ರೈವರ್ ಹೇಳಿದ್ರಂತೆ."

"ಹೂಂ," ಎಂದರು ಅಪ್ಪ, ತಲೆ ಎತ್ತದೆ. "ಹೇಳಿರ್ತಾನೆ. ನಮ್ ಸ್ಟ್ಯಾಂಡಲ್ಲೇ ಇದ್ದೋನಲ್ವಾ. ಅವತ್ತು ಆ ಮಗೂಗೆ ಕಾರು ಕೊಡೋಕೆ ಹೋದಾಗ ಸ್ಟೀರಿಂಗ್ ಮುಂದೆ ಕೂತಿದ್ದ. ಏನಣ್ಣ, ಇದು ನಿಮ್ಮನೇನಾ ಅಂದ. ಸುಮ್ನಿರು ಅಂತ ಕಣ್ಣಲ್ಲೇ ಹೇಳ್ದೆ."

"ಅಂದ್ರೆ ನಿಮಗೆ ಗೊತ್ತಿತ್ತಾ? ಅವರಿಗೆ ಗೊತ್ತಾಗಿದೆ ಅಂತ?"

"ಆ ಮುಂದಿನ ವಾರಾನೇ ಅವನು ಸ್ಟ್ಯಾಂಡಿಗೆ ಬಂದು ಹೇಳಿದ. ಅಮ್ಮಾವ್ರು ತುಂಬಾ ನೊಂದ್ಕೊಂಡ್ರು ಅಂತ."

 

"ಮತ್ತೆ ಯಾಕಪ್ಪ? ನಾಲ್ಕು ವರ್ಷ ಗೇಟಲ್ಲಿ ಇಳಿದು ನನಗೆ ಬಾಗಿಲು ಯಾಕೆ ತೆಗೀತಿದ್ರಿ?"

ಅಪ್ಪ ಮುಲಾಮಿನ ಮುಚ್ಚಳ ತಿರುಗಿಸಿ ಬಿಗಿ ಮಾಡಿದರು. ನನ್ನನ್ನು ನೋಡಿದರು. ಅಷ್ಟೂ ತಿಳಿಯದೆ ಕೇಳುತ್ತಿದ್ದಾಳಲ್ಲ ಎನ್ನುವ ಹಾಗಿತ್ತು ಆ ನೋಟ.

"ನಿನಗೆ ಗೊತ್ತಿರ್ಲಿಲ್ವಲ್ಲ ಮಗಳೇ."

ಅಮ್ಮ ಒಳಗಿನಿಂದ ಊಟಕ್ಕೆ ಕರೆದಳು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ತಪ್ಪಾಯಿತು ಎನ್ನುವ ಮಾತೇ ಇರಲಿಲ್ಲ ಎಂದು ಆಗ ಹೊಳೆಯಿತು. ಆಗಲಾದರೂ ಹೇಳಬಹುದಿತ್ತು. ಅಪ್ಪ ಪಕ್ಕಕ್ಕೆ ಸರಿದು ಚಾಪೆಯಲ್ಲಿ ನನಗೆ ಜಾಗ ಮಾಡಿದರು. ನಾನು ಕೂತೆ, ಅಮ್ಮ ಬಡಿಸಿದ್ದನ್ನು ತಲೆ ತಗ್ಗಿಸಿ ತಿಂದೆ, ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಂಡೆ. ಅಪ್ಪ ಕೈ ತೊಳೆದು, ಷರ್ಟು ಹಾಕಿಕೊಂಡು, "ಇನ್ನು ಪರೀಕ್ಷೆ ಮುಗೀತು, ಸ್ವಲ್ಪ ನಿದ್ದೆ ಮಾಡು," ಎಂದು ಹೇಳಿ ಸ್ಟ್ಯಾಂಡಿಗೆ ಹೊರಟರು. ನಾನು ಸಂದಿಯ ತುದಿಯವರೆಗೆ ಹೋದೆ. ಕರೆಯಲಿಲ್ಲ.